ಆ ಫೈಲ್ ಎಲ್ಲಿತ್ತು ಅಂತ ಮೊದಲು ಹೇಳಿ

ನನಗೆ ಬರುವ ಆಂಟಿವೈರಸ್ ವರದಿಯ ಸ್ಕ್ರೀನ್‌ಶಾಟ್‌ಗಳಲ್ಲಿ ಬಹುಪಾಲು ಅರ್ಧಕ್ಕೇ ಕತ್ತರಿಸಿದವು. ಕೆಂಪು ಬಣ್ಣದಲ್ಲಿ ದೊಡ್ಡದೊಂದು ಸಂಖ್ಯೆ, ಕೆಳಗೆ ಒಂದೇ ಸಾಲು: ‘ಸರ್, ಇಷ್ಟೊಂದು ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡಿಬಿಡ್ಲಾ?’ ಸಂಖ್ಯೆಯ ಕೆಳಗಿದ್ದ ಪಟ್ಟಿಯನ್ನು ಮಾತ್ರ ಯಾರೂ ಕಳಿಸುವುದಿಲ್ಲ. ನನಗೆ ಬೇಕಿರುವುದು ಆ ಪಟ್ಟಿಯೇ.

ಒಬ್ಬ ಸಂಶೋಧನಾ ವಿದ್ಯಾರ್ಥಿನಿಗೆ 214 ಎಂದು ತೋರಿಸಿತ್ತು. ರಾತ್ರಿ ಸಂದೇಶ ಕಳಿಸಿದ್ದರು, ಬೆಳಿಗ್ಗೆ ನಾನು ನೋಡುವಷ್ಟರಲ್ಲಿ ಭಯಕ್ಕೆ ಫಾರ್ಮ್ಯಾಟ್ ಮಾಡಿ, ಅಂದರೆ ಡಿಸ್ಕ್‌ನಲ್ಲಿದ್ದದ್ದನ್ನೆಲ್ಲ ಅಳಿಸಿ, ಮುಗಿಸಿದ್ದರು. ಪ್ರಬಂಧದ ಎರಡು ಅಧ್ಯಾಯಗಳಿಗೆ ಬೇರೆಲ್ಲೂ ಪ್ರತಿ ಇರಲಿಲ್ಲ. ಅವರು ಕಳಿಸಿದ್ದ ಚಿತ್ರದ ಕೆಳತುದಿಯಲ್ಲಿ ಪಟ್ಟಿಯ ಮೂರು ಸಾಲು ಹೇಗೋ ಉಳಿದುಕೊಂಡಿತ್ತು. ಹಿಗ್ಗಿಸಿ ನೋಡಿದರೆ ಮೂರೂ ಟ್ರ್ಯಾಕಿಂಗ್ ಕುಕಿಗಳು. ಉಳಿದವೂ ಅವೇ ಇದ್ದಿರಬೇಕು; ಖಚಿತವಾಗಿ ಹೇಳಲು ಈಗ ದಾರಿಯಿಲ್ಲ. ಕುಕಿ ಎಂದರೆ ನಿಮ್ಮ ಗುರುತು ಹಿಡಿಯಲು ಜಾಲತಾಣಗಳು ಬ್ರೌಸರ್‌ನಲ್ಲಿ ಬಿಟ್ಟುಹೋಗುವ ಸಣ್ಣ ಪಠ್ಯ. ಅದು ತಾನಾಗಿ ಓಡುವ ಪ್ರೋಗ್ರಾಂ ಅಲ್ಲ. ಬೇಡವಾದರೆ ಅಳಿಸಿದರಾಯಿತು. ಕೆಲವು ಆಂಟಿವೈರಸ್‌ಗಳು ಅಂಥ ಒಂದೊಂದನ್ನೂ ಒಂದೊಂದು ‘ಅಪಾಯ’ ಎಂದು ಲೆಕ್ಕ ಹಾಕಿ ಕೆಂಪು ಸಂಖ್ಯೆಗೆ ಸೇರಿಸುತ್ತವೆ. ಆ ಹುಡುಗಿಯ ಎರಡು ಅಧ್ಯಾಯ ನೆನಪಾದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಪಟ್ಟಿಯ ಪ್ರತಿ ಸಾಲಿನಲ್ಲೂ ಮೂರು ಸಂಗತಿ ಇರುತ್ತವೆ: ಹೆಸರು, ಫೈಲ್ ಸಿಕ್ಕ ಜಾಗ, ಆಂಟಿವೈರಸ್ ಕೈಗೊಂಡ ಕ್ರಮ. ಹೆಸರಿಗೆ ಜನ ಅತಿಯಾಗಿ ಹೆದರುತ್ತಾರೆ. ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಕೊಡುವ ಹೆಸರಿನ ಕೊನೆಯಲ್ಲಿ ಆಶ್ಚರ್ಯಸೂಚಕ ಚಿಹ್ನೆ ಮತ್ತು ‘ಎಂಎಲ್’ ಇದ್ದರೆ, ಅದು ಮಷೀನ್ ಲರ್ನಿಂಗ್ ಮಾಡಿದ ಅಂದಾಜು. ಫೈಲಿನ ಲಕ್ಷಣಗಳು ಕೆಟ್ಟ ಫೈಲುಗಳನ್ನು ಹೋಲುತ್ತವೆ ಎಂದಷ್ಟೇ ಅರ್ಥ. ‘ಜೆನ್’, ‘ಹ್ಯೂರ್’ ಎಂದಿದ್ದರೂ ಹೆಚ್ಚುಕಡಿಮೆ ಹಾಗೆಯೇ. ‘ಪಿಯುಎ’, ‘ಪಿಯುಪಿ’ ಎಂದರೆ ನಿಮಗೆ ಬೇಡವಾಗಿರಬಹುದಾದ ತಂತ್ರಾಂಶ, ಯಾವುದೋ ಉಚಿತ ಪ್ರೋಗ್ರಾಂ ಜೊತೆಗೆ ಒಳಬಂದ ಟೂಲ್‌ಬಾರ್‌ನಂಥದ್ದು. ಅಂದಾಜು ತಪ್ಪಬಹುದು, ನಿಜ. ಆದರೆ ಕಳ್ಳ ಪ್ರತಿಯ ಕ್ರ್ಯಾಕ್ (ಪರವಾನಗಿಯ ಬೀಗ ಮುರಿಯುವ ಫೈಲ್) ಹಾಕುವಾಗ ‘ಆಂಟಿವೈರಸ್ ಕೂಗುತ್ತೆ, ಆಫ್ ಮಾಡ್ಕೊಳ್ಳಿ’ ಎಂದು ಯಾರೋ ಬರೆದದ್ದನ್ನು ನಂಬಿ, ಬಾಗಿಲು ತೆರೆದಿಟ್ಟು ಆಮೇಲೆ ನನ್ನ ಬಳಿ ಬರುವವರಿಗೆ ಈ ಮಾತನ್ನು ಸಮಾಧಾನವಾಗಿ ಹೇಳಲಾರೆ.

ಈಗ ಜಾಗದ ವಿಷಯ. ಎಷ್ಟು ಸಲ ಹೇಳಿದರೂ ಜಾರಿಹೋಗುವುದು ಇದೇ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಒಂದು ಫೈಲ್ ಕಂಪ್ಯೂಟರ್‌ನಲ್ಲಿ ಇರುವುದು ಬೇರೆ, ಅದು ಓಡಿರುವುದು ಬೇರೆ. ಫೈಲ್ ಸಿಕ್ಕಿದ್ದು ಬ್ರೌಸರ್‌ನ ತಾತ್ಕಾಲಿಕ ಸಂಗ್ರಹವಾದ ಕ್ಯಾಶ್‌ನಲ್ಲೋ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೋ ಜಿಪ್ ಒಳಗೋ ಆಗಿದ್ದರೆ, ಅದು ಬಂದು ಬಿದ್ದಿದೆ ಅಷ್ಟೆ. ಅದನ್ನು ತೆರೆದಿದ್ದೀರಾ? ಇಲ್ಲ ಎಂದಾದರೆ, ಅದನ್ನು ಕ್ವಾರಂಟೈನ್‌ಗೆ, ಅಂದರೆ ಓಡದಂತೆ ಬೇರೆಯಾಗಿಡುವ ಜಾಗಕ್ಕೆ, ಹಾಕಿದ ಬಳಿಕ ಸಾಮಾನ್ಯವಾಗಿ ಮಾಡಬೇಕಾದ್ದು ಏನೂ ಉಳಿಯುವುದಿಲ್ಲ. ತೆರೆದಿದ್ದರೆ ದಯವಿಟ್ಟು ಮುಚ್ಚಿಡಬೇಡಿ. ನಾನು ಬೈಯುವುದಿಲ್ಲ, ಆ ಒಂದು ಉತ್ತರದ ಮೇಲೆ ಮುಂದಿನ ಕೆಲಸವೆಲ್ಲ ನಿಂತಿರುತ್ತದೆ. ಅದೇ ಫೈಲ್ ಪ್ರೋಗ್ರಾಂಗಳು ತಮ್ಮ ಮಾಹಿತಿ ಇಟ್ಟುಕೊಳ್ಳುವ ಆ್ಯಪ್‌ಡೇಟಾ ಫೋಲ್ಡರ್‌ನ (ಬ್ರೌಸರ್ ಕ್ಯಾಶ್ ಬಿಟ್ಟು) ಯಾವುದೋ ಮೂಲೆಯಲ್ಲಿ, ಸ್ಟಾರ್ಟ್‌ಅಪ್ ಫೋಲ್ಡರ್‌ನಲ್ಲಿ ಸಿಕ್ಕಿದರೆ, ಅಥವಾ ನಿಗದಿತ ಹೊತ್ತಿಗೆ ಪ್ರೋಗ್ರಾಂ ಓಡಿಸುವ ಟಾಸ್ಕ್ ಶೆಡ್ಯೂಲರ್‌ನ ಒಂದು ಟಾಸ್ಕ್ ಅದನ್ನೇ ಕರೆಯುತ್ತಿದ್ದರೆ, ಕಂಪ್ಯೂಟರ್ ಶುರುವಾದಾಗಲೋ ನಿಗದಿತ ಹೊತ್ತಿಗೋ ತಾನಾಗಿ ಓಡಲೆಂದೇ ಅದನ್ನು ಅಲ್ಲಿ ಕೂರಿಸಿದ್ದಾರೆ ಎಂದು ಶಂಕಿಸಬೇಕು. ಅಂಥದ್ದು ಒಂದೇ ಒಂದು ಇದ್ದರೂ ನಾನು ಎದ್ದು ಕೂರುತ್ತೇನೆ.

ಜಾಗ ವಿಂಡೋಸ್‌ನ ಮುಖ್ಯ ಫೈಲುಗಳಿರುವ ಸಿಸ್ಟಮ್32 ಫೋಲ್ಡರ್ ಆಗಿದ್ದರೆ ಡಿಲೀಟ್ ಒತ್ತುವ ಮೊದಲು ಕೈ ತಡೆಯಿರಿ. 2010ರ ಏಪ್ರಿಲ್ 21ರಂದು ಮ್ಯಾಕಫಿ ಆಂಟಿವೈರಸ್‌ನ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಗೆ ಬೇಕೇಬೇಕಾದ ‘ಎಸ್‌ವಿಸಿಹೋಸ್ಟ್’ ಫೈಲನ್ನೇ ವೈರಸ್ ಎಂದು ಹಿಡಿದು, ಅಸಂಖ್ಯ ಕಂಪ್ಯೂಟರ್‌ಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಾ ಕೂತವು. ಕ್ವಾರಂಟೈನ್‌ಗೆ ಹಾಕಿದ್ದು ಓಡಲಾರದು, ತಪ್ಪಾಗಿದ್ದರೆ ವಾಪಸ್ ತರಬಹುದು. ಡಿಲೀಟ್‌ಗೆ ಆ ಅನುಕೂಲವಿಲ್ಲ.

ಅನುಮಾನ ಬಂದ ಫೈಲನ್ನು ವೈರಸ್‌ಟೋಟಲ್‌ನಲ್ಲಿ ನೋಡಬಹುದು. 2004ರಲ್ಲಿ ಸ್ಪೇನ್‌ನಲ್ಲಿ ಶುರುವಾದ ಈ ಸೇವೆ 2012ರಿಂದ ಗೂಗಲ್ ಕೈಯಲ್ಲಿದೆ. ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯವನ್ನು ಒಟ್ಟಿಗೆ ತೋರಿಸುತ್ತದೆ. ಅವುಗಳಲ್ಲಿ ಒಂದೋ ಎರಡೋ ಮಾತ್ರ, ಅದೂ ಹೆಸರೇ ಕೇಳದವು, ಕೆಂಪು ತೋರಿಸಿದರೆ ತಪ್ಪು ಎಚ್ಚರಿಕೆ ಇರಬಹುದು. ಹೊಚ್ಚಹೊಸ ಮಾಲ್‌ವೇರ್ (ಹಾನಿ ಮಾಡುವ ತಂತ್ರಾಂಶ) ಕೂಡ ಮೊದಲ ದಿನ ಹಾಗೆಯೇ ಕಾಣುತ್ತದೆ, ಆದ್ದರಿಂದ ಎರಡು ಮೂರು ದಿನ ಬಿಟ್ಟು ಮತ್ತೆ ಪರೀಕ್ಷಿಸಿ: ನಿಜವಾದದ್ದಾದರೆ ಹಿಡಿಯುವವರ ಸಂಖ್ಯೆ ಸಾಮಾನ್ಯವಾಗಿ ಏರುತ್ತದೆ. ಒಂದು ಎಚ್ಚರ. ಅಲ್ಲಿ ಹಾಕಿದ ಫೈಲ್ ಬೇರೆಯವರ ಕೈಗೂ ಹೋಗುತ್ತದೆ. ಸಂಬಳದ ಪಟ್ಟಿ, ವೈದ್ಯರ ವರದಿ ಹಾಕಬೇಡಿ. ಅಂಥವಕ್ಕೆ ಫೈಲಿನ ಬದಲು ಅದರ 64 ಅಕ್ಷರಗಳ ಹ್ಯಾಶ್ (ಫೈಲಿನಿಂದ ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಗುರುತು) ಕೊಟ್ಟು ಹುಡುಕಿದರೆ ಸಾಕು.

ಸೊನ್ನೆ ತೋರಿಸಿದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎಂದೂ ನಾನು ಬರೆದುಕೊಡಲಾರೆ. 2017ರಲ್ಲಿ, ಕಂಪ್ಯೂಟರ್‌ನ ಬೇಡದ ಫೈಲುಗಳನ್ನು ಗುಡಿಸುವ ಸಿಕ್ಲೀನರ್‌ನ ಅಧಿಕೃತ ಆವೃತ್ತಿಯೊಳಗೇ ಮಾಲ್‌ವೇರ್ ಸೇರಿಕೊಂಡು, ಸರಿಯಾದ ಡಿಜಿಟಲ್ ಸಹಿಯೊಂದಿಗೆ ಸುಮಾರು ಒಂದು ತಿಂಗಳು ಹಂಚಿಕೆಯಾಗಿತ್ತು.

ಇನ್ನೊಬ್ಬರ ಕಥೆ ಹೇಳಲೇಬೇಕು. ಲೆಕ್ಕಪತ್ರ ನೋಡಿಕೊಳ್ಳುವ ಹಿರಿಯರು, ಬಹಳ ಅಚ್ಚುಕಟ್ಟು. ‘ದಿನಾ ಒಂದೇ ಒಂದು ಬರುತ್ತೆ ಸರ್, ತೆಗೆದುಹಾಕಿದ್ದೀನಿ ಅಂತ ಅದೇ ಹೇಳುತ್ತೆ, ಹಾಗಾಗಿ ತೊಂದರೆ ಕೊಡಲಿಲ್ಲ’ ಎಂದರು. ಹೀಗೆ ಮೂರು ವಾರ ಕಳೆದಿತ್ತು. ಅದೇ ಹೆಸರು, ಅದೇ ಜಾಗ, ದಿನಾ ಬೆಳಿಗ್ಗೆ ಅದೇ ಹೊತ್ತು. ತೆಗೆದದ್ದು ಮತ್ತೆ ಬರುತ್ತಿದೆ ಎಂದರೆ ತಂದಿಡುವವನು ಒಳಗಿದ್ದಾನೆ ಎಂದೇ ತಿಳಿಯಬೇಕು. ಮೊದಲು ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಿದೆ. ವಿಂಡೋಸ್ ಪೂರ್ತಿ ಏಳುವ ಮೊದಲೇ ಅದು ಹುಡುಕುವುದರಿಂದ ಬಚ್ಚಿಟ್ಟುಕೊಂಡವಕ್ಕೆ ಮರೆ ಕಡಿಮೆ. ಏನೂ ಸಿಗಲಿಲ್ಲ. ಆಮೇಲೆ, ತಾನಾಗಿ ಶುರುವಾಗುವ ಪ್ರೋಗ್ರಾಂಗಳನ್ನು ಪಟ್ಟಿ ಮಾಡುವ ಆಟೋರನ್ಸ್ ತೆರೆದು ಮೈಕ್ರೋಸಾಫ್ಟ್‌ನ ನಮೂದುಗಳನ್ನು ಮರೆಮಾಡಿ ನೋಡಿದಾಗ, ಪ್ರಿಂಟರ್‌ ಅಪ್‌ಡೇಟಿನಂತೆ ಹೆಸರಿಟ್ಟುಕೊಂಡ ಒಂದು ಟಾಸ್ಕ್ ಸಿಕ್ಕಿತು. ಅವರ ಬಳಿ ಪ್ರಿಂಟರ್ ಇರಲಿಲ್ಲ.

ಅಲ್ಲಿ ಮಾತ್ರ ನಾನೇ ಫಾರ್ಮ್ಯಾಟ್ ಮಾಡಿದೆ. ಅದಕ್ಕೂ ಮೊದಲು ಅವರ ದಾಖಲೆಗಳ ಪ್ರತಿ ತೆಗೆದು, ಆ ಟಾಸ್ಕ್ ಹುಟ್ಟಿದ ದಿನಾಂಕವನ್ನು ಬರೆದಿಟ್ಟುಕೊಂಡೆವು. ಬ್ರೌಸರ್‌ನಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳು, ಆ ದಿನದ ನಂತರ ಟೈಪ್ ಮಾಡಿದ್ದವು, ಎಲ್ಲವನ್ನೂ ಅವರು ತಮ್ಮ ದುಂಡು ಅಕ್ಷರದಲ್ಲಿ ಪಟ್ಟಿ ಮಾಡಿದರು. ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು. ನೀವು ಲಾಗಿನ್ ಆಗಿದ್ದೀರಿ ಎಂದು ನೆನಪಿಡುವ ಕುಕಿಯನ್ನೇ ಕದ್ದವನಿಗೆ ಪಾಸ್‌ವರ್ಡ್ ಬೇಕಾಗದಿರಬಹುದು. ಹಾಗಾಗಿ ಎಲ್ಲ ಖಾತೆಗಳಲ್ಲೂ ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಒತ್ತಿಸಿದೆ. ಬೇರೆ ಕಂಪ್ಯೂಟರ್ ಮುಂದೆ ಕೂತು, ಒಂದೊಂದನ್ನೇ ಬದಲಿಸಿ ಪಟ್ಟಿಯಲ್ಲಿ ಗೀಟು ಎಳೆಯುತ್ತಾ ಹೋದರು. ಬೆಳಿಗ್ಗೆ ಶುರುವಾದ ಕೆಲಸ ಮುಗಿಯುವಾಗ ಸಂಜೆಯಾಗಿತ್ತು.