ಹಿಂದಲೆಯಿಂದ ತೆಗೆದ ಚಿತ್ರ

ಛಾಯಾಗ್ರಹಣ ಕಲಿಯಲು ಬರುವವರಿಗೆ ನಾನು ಮೊದಲ ತಿಂಗಳಲ್ಲೇ ಕೊಡುವ ಕೆಲಸವೊಂದಿದೆ. ಬೀದಿಗೆ ಹೋಗಿ, ಒಂದೇ ವಿಷಯವನ್ನು ಹಿಡಿದು, ಇಪ್ಪತ್ತು ಚಿತ್ರಗಳ ಸರಣಿಯನ್ನು ತರಬೇಕು. ಕೈಗಳು, ಕೊಡೆಗಳು, ಸರದಿಯಲ್ಲಿ ನಿಂತವರ ಪಾದಗಳು, ಯಾವುದಾದರೂ ಸರಿ. ಕಳೆದ ವರ್ಷ ಹುಡುಗನೊಬ್ಬ ತಂದ ಸರಣಿಯ ವಿಷಯ ಜನರ ತಲೆಗೂದಲು. ಕಡತಕ್ಕೆ ಆತನೇ ಇಟ್ಟ ಹೆಸರು ‘ಔಟ್‌ಡೇಟೆಡ್’, ಅಂದರೆ ಕಾಲ ಮೀರಿದ ಹಳೆಯದು. ಬೋಳುನೆತ್ತಿಯ ಮೇಲೆ ಪಕ್ಕದಿಂದ ಎಳೆದು ಹೊದಿಸಿದ ನಾಲ್ಕೆಳೆ ಕೂದಲು, ಕಿವಿ ಮುಚ್ಚುವ ಹಳೆಯ ಕಾಲದ ಕ್ರಾಪು, ಗೋಪುರದಂತೆ ಉಬ್ಬಿಸಿ ಕಟ್ಟಿದ ತುರುಬು, ಬೇರಿನಲ್ಲಿ ಬಿಳಿ ಕಾಣುತ್ತಿದ್ದ ಕೆಂಚು ಬಣ್ಣ ಎಲ್ಲವೂ ಅದರಲ್ಲಿದ್ದವು. ಬೆಳಕು ಚೆನ್ನಾಗಿತ್ತು, ಚೌಕಟ್ಟು ಅಚ್ಚುಕಟ್ಟಾಗಿತ್ತು. ಇಪ್ಪತ್ತರಲ್ಲಿ ಹದಿನಾರು ಚಿತ್ರಗಳನ್ನು ಹಿಂದಿನಿಂದ ತೆಗೆಯಲಾಗಿತ್ತು, ನಾಲ್ಕನ್ನು ಪಕ್ಕದಿಂದ. ಒಬ್ಬರೂ ಕ್ಯಾಮೆರಾದ ಕಡೆ ನೋಡುತ್ತಿರಲಿಲ್ಲ.

“ಇವರಲ್ಲಿ ಯಾರಿಗಾದರೂ ಚಿತ್ರ ತೋರಿಸಿದೆಯಾ?” ಎಂದು ಕೇಳಿದೆ. “ಇಲ್ಲ ಸರ್, ಮುಖವೇ ಕಾಣುವುದಿಲ್ಲವಲ್ಲ, ಯಾರೆಂದು ಯಾರಿಗೂ ಗೊತ್ತಾಗುವುದಿಲ್ಲ” ಎಂದ. ಮೂವತ್ತು ವರ್ಷಗಳಿಂದ ಇದೇ ಕಸುಬಿನಲ್ಲಿರುವ ನನಗೆ ಈ ಉತ್ತರ ಹೊಸದೇನಲ್ಲ. ಒಂದು ಕಾಲದಲ್ಲಿ ನಾನೂ ಇದನ್ನೇ ಹೇಳುತ್ತಿದ್ದೆ. ಆದರೆ ಈ ಉತ್ತರ ಮತ್ತು ಆ ಸರಣಿಯೊಳಗೆ ಒಂದಲ್ಲ, ಮೂರು ತಪ್ಪು ತಿಳಿವಳಿಕೆಗಳು ಅಡಗಿವೆ.

ಮೊದಲನೆಯದು, ಮುಖ ಕಾಣದಿದ್ದರೆ ಗುರುತು ಸಿಗದು ಎಂಬುದು. ಜನಸಂದಣಿಯಲ್ಲಿ ನಮ್ಮವರನ್ನು ನಾವು ಹುಡುಕುವುದು ಬಹುಪಾಲು ಹಿಂದಿನಿಂದಲೇ. ರೈಲಿನಿಂದ ಇಳಿದ ನೂರು ಜನರಲ್ಲಿ ಅಪ್ಪ ಯಾರೆಂದು ಹೆಕ್ಕತ್ತಿನ ಗೆರೆ, ಬೈತಲೆಯ ಓರೆ, ನಡೆಯುವ ರೀತಿ ಇವೇ ಹೇಳಿಬಿಡುತ್ತವೆ. ಅದರಲ್ಲೂ ಬೇರೆ ಯಾರೂ ಹಾಕಿಕೊಳ್ಳದ ಕೇಶವಿನ್ಯಾಸವನ್ನು ಇಪ್ಪತ್ತು ವರ್ಷಗಳಿಂದ ಬಿಡದೆ ಉಳಿಸಿಕೊಂಡು ಬಂದವರಿಗೆ ಆ ಕೂದಲೇ ಸಹಿ. ನಗಿಸಲೆಂದು ಇಂತಹ ಚಿತ್ರವನ್ನು ಹಂಚುವಾಗ ಮುಖವನ್ನು ಮಸುಕು ಮಾಡುವವರಿದ್ದಾರೆ. ಗುರುತು ಹಿಡಿಯಲು ಬೇಕಾದುದನ್ನು ಹಾಗೆಯೇ ಉಳಿಸಿ, ಬೇಡದ್ದನ್ನು ಮುಚ್ಚಿದಂತೆ ಅದು. ಇದರ ಜೊತೆಗೆ ಫೋನಿನಲ್ಲಿ ತೆಗೆದ ಚಿತ್ರದ ಕಡತದೊಳಗೆ ತೆಗೆದ ದಿನ, ಗಳಿಗೆ, ಸ್ಥಳದ ಸೌಲಭ್ಯ ತೆರೆದಿದ್ದರೆ ಅಕ್ಷಾಂಶ ರೇಖಾಂಶಗಳು ಕೂಡ ಕುಳಿತಿರುತ್ತವೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಇನ್ನೊಂದು ಮಾತು: ತನ್ನ ಹಿಂದಲೆಯನ್ನು ಯಾರೂ ನೇರವಾಗಿ ನೋಡಿಕೊಂಡಿರುವುದಿಲ್ಲ. ನಮ್ಮ ದೇಹದಲ್ಲಿ ಲೋಕಕ್ಕೆಲ್ಲ ಕಂಡು ನಮಗೆ ಮಾತ್ರ ಕಾಣದ ಭಾಗ ಅದು. ಅದನ್ನೇ ಆಯ್ದು ತೆಗೆಯುವಾಗ ಕೈ ಒಂದಿಷ್ಟು ಅಳುಕಬೇಕು.

ಎರಡನೆಯ ತಪ್ಪು ತಿಳಿವಳಿಕೆ ಆ ಶೀರ್ಷಿಕೆಯ ‘ಹಳೆಯದು’ ಎಂಬ ಮಾತಿನಲ್ಲಿದೆ. ಮುಂದೆ ಗಿಡ್ಡ, ಹಿಂದೆ ಹೆಕ್ಕತ್ತನ್ನು ಮುಚ್ಚುವಷ್ಟು ಉದ್ದ ಬಿಡುವ ‘ಮಲೆಟ್’ ಎಂಬ ಬಗೆಯನ್ನೇ ನೋಡಿ. 1970 ಮತ್ತು 80ರ ದಶಕಗಳಲ್ಲಿ ಗಾಯಕರೂ ಫುಟ್‌ಬಾಲ್ ಆಟಗಾರರೂ ಅದನ್ನು ಹೆಮ್ಮೆಯಿಂದ ಬಿಟ್ಟಿದ್ದರು. ಸ್ವಾರಸ್ಯವೆಂದರೆ, ಆ ಹೆಸರು ಜನರ ಬಾಯಿಗೆ ಬಂದದ್ದು ಅಮೆರಿಕದ ಬೀಸ್ಟಿ ಬಾಯ್ಸ್ ಎಂಬ ಸಂಗೀತ ತಂಡ 1994ರಲ್ಲಿ ಅದನ್ನು ಹಾಡಿನಲ್ಲಿ ಗೇಲಿ ಮಾಡಿದ ಮೇಲೆ. ಚಾಲ್ತಿಯಲ್ಲಿದ್ದಷ್ಟು ಕಾಲ ಅದಕ್ಕೆ ಈ ಹೆಸರಿನ ಅಗತ್ಯ ಬಿದ್ದಿರಲಿಲ್ಲ. ಹೆಸರು ಹುಟ್ಟಿದ್ದು ನಗುವುದಕ್ಕೆ. ಆಮೇಲೆ ಅಂತಹ ತಲೆಗಳನ್ನು ದೂರದಿಂದ ಗುರುತಿಸಿ, ಕದ್ದು ಚಿತ್ರ ತೆಗೆದು, ವರ್ಗೀಕರಿಸಿ ಇಡುವುದೇ ಕೆಲವರಿಗೆ ಹವ್ಯಾಸವಾಯಿತು. ‘ಬೇಟೆ’ ಎಂದೇ ಅದನ್ನು ಕರೆದುಕೊಂಡರು. 2010ರಲ್ಲಿ ಇರಾನ್ ಪುರುಷರಿಗೆ ಒಪ್ಪಿತವಾದ ಕೇಶವಿನ್ಯಾಸಗಳ ಮಾದರಿಗಳನ್ನು ಹೊರತಂದಾಗ ಮಲೆಟ್‌ಗೆ ಅದರಲ್ಲಿ ಜಾಗವಿರಲಿಲ್ಲ. ಕಾರಣ ಅದು ಹಳತೆಂದಲ್ಲ, ಪಾಶ್ಚಾತ್ಯವೆಂದು. 2020ರ ಹೊತ್ತಿಗೆ ಅದೇ ಮಲೆಟ್ ಯುವಕರ ತಲೆಯ ಮೇಲೆ ಹೊಸ ಫ್ಯಾಷನ್ನಾಗಿ ಮರಳಿ ಬಂತು. ಇಪ್ಪತ್ತು ವರ್ಷದ ಹಿಂದೆ ಗೇಲಿಗೆಂದು ತೆಗೆದ ಚಿತ್ರಗಳಲ್ಲಿನ ಕೂದಲು ಇಂದು ಮೆಚ್ಚುಗೆಗೆ ಪಾತ್ರವಾಗಬಹುದು, ಆದರೆ ಆ ಚಿತ್ರದ ಕೆಳಗೆ ಬರೆದ ಕುಹಕದ ಸಾಲು ಮಾತ್ರ ಆ ಮನುಷ್ಯನಿಗೆ ಅಂಟಿಕೊಂಡೇ ಇರುತ್ತದೆ.

ಕೂದಲು ಯಾಕೆ ಒಬ್ಬೊಬ್ಬರ ತಲೆಯ ಮೇಲೆ ಒಂದೊಂದು ಕಾಲದಲ್ಲಿ ನಿಂತುಬಿಡುತ್ತದೆ ಎಂಬುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಹೆಗಲ ಕೀಲು ಬಿಗಿದು ಕೈ ಮೇಲೆತ್ತಲಾಗದವರು ಎಷ್ಟು ಎಟುಕುತ್ತದೋ ಅಷ್ಟನ್ನೇ ಬಾಚುತ್ತಾರೆ. ಕೂದಲು ಬಿಲ್ಲೆಬಿಲ್ಲೆಯಾಗಿ ಉದುರುವ ತೊಂದರೆಯಿರುವವರು ಉಳಿದ ಕೂದಲನ್ನು ಬೇಕಾದ ಕಡೆಗೆ ತಿರುಗಿಸಿಕೊಳ್ಳುತ್ತಾರೆ. ಕ್ಯಾನ್ಸರಿನ ಕೀಮೋಥೆರಪಿ ಮುಗಿದ ಮೇಲೆ ಮರಳಿ ಬೆಳೆಯುವ ಕೂದಲು ಕೆಲವರಲ್ಲಿ ಹಿಂದೆಂದೂ ಇಲ್ಲದಷ್ಟು ಗುಂಗುರಾಗಿರುತ್ತದೆ. ಮೊಂಡು ವಿಗ್ಗಿನ ಕೆಳಗೆ ಏನಿದೆಯೆಂದು ರಸ್ತೆಯಲ್ಲಿ ಹೋಗುವವನಿಗೆ ತಿಳಿಯುವ ದಾರಿಯೇ ಇಲ್ಲ. ಬೋಳನ್ನು ಮರೆಸುವ ಆ ನಾಲ್ಕೆಳೆಗಳ ಬಗ್ಗೆ ನಗುವವರಿಗೆ ಇನ್ನೊಂದು ಸಂಗತಿ ಹೇಳಬೇಕು. ಕೂದಲನ್ನು ಮೂರು ಭಾಗ ಮಾಡಿ, ಉದ್ದ ಬೆಳೆಸಿ, ಒಂದರ ಮೇಲೊಂದನ್ನು ಹೊದಿಸಿ ಬೋಳು ಮುಚ್ಚುವ ಕ್ರಮಕ್ಕೆ ಅಮೆರಿಕದ ಫ್ಲಾರಿಡಾದ ಫ್ರಾಂಕ್ ಸ್ಮಿತ್ ಮತ್ತು ಡೊನಾಲ್ಡ್ ಸ್ಮಿತ್ ಎಂಬ ತಂದೆ ಮಗ 1977ರಲ್ಲಿ ಪೇಟೆಂಟ್ ಪಡೆದಿದ್ದರು. ಅದರ ಸಂಖ್ಯೆ 4022227. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಕೆಲಸಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ 2004ರಲ್ಲಿ ಅವರಿಗೆ ಸಂದಿತು. ನಗಬಾರದೆಂದು ನಾನು ಹೇಳುತ್ತಿಲ್ಲ. ಆ ಪೇಟೆಂಟಿನ ರೇಖಾಚಿತ್ರ ನೋಡಿ ನಾನೂ ನಕ್ಕಿದ್ದೇನೆ. ಆದರೆ ಅದು ತಾವೇ ಮುಂದೆ ಬಂದು ತೋರಿಸಿದವರ ಕೆಲಸ.

ಮೂರನೆಯ ತಪ್ಪು ತಿಳಿವಳಿಕೆ ನನ್ನ ಕಸುಬಿನವರೇ ಹೆಚ್ಚಾಗಿ ಮಾಡುವಂಥದ್ದು: ಕ್ಯಾಮೆರಾ ಇದ್ದದ್ದನ್ನೇ ತೋರಿಸಿತು ಎಂಬುದು. ಹುಡುಗನ ಸರಣಿಯ ಏಳನೆಯ ಚಿತ್ರದಲ್ಲಿ ಒಬ್ಬ ಹಿರಿಯರ ನೆತ್ತಿಯ ಮೇಲಿನ ಎಳೆಗಳು ಗಾಳಿಗೆ ಎದ್ದು, ತೆರೆದ ಡಬ್ಬಿಯ ಮುಚ್ಚಳದಂತೆ ನೆಟ್ಟಗೆ ನಿಂತಿದ್ದವು. ಶಟರ್ ವೇಗ, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿದ್ದ ಅವಧಿ, ಎಷ್ಟಿತ್ತೆಂದು ನೋಡಿದೆ, ಸೆಕೆಂಡಿನ ಸಾವಿರದಲ್ಲೊಂದು ಭಾಗ. ಪಕ್ಕದಲ್ಲಿ ನಿಂತಿದ್ದವರು ಕಂಡದ್ದು ಗಾಳಿಗೆ ಕೂದಲು ಹಾರಿದ್ದನ್ನು, ಆ ಹಿರಿಯರು ಕೈಯಿಂದ ಅದನ್ನು ಒತ್ತಿಕೊಂಡಿದ್ದನ್ನು, ಅಷ್ಟಕ್ಕೆ ಮುಗಿಯಿತು. ಆ ‘ಮುಚ್ಚಳ’ವನ್ನು ಹಾಗೆ ನಿಂತಂತೆ ಯಾವ ಮನುಷ್ಯನ ಕಣ್ಣೂ ನೋಡಲಿಲ್ಲ. ಹಿಂಬೆಳಕಿನಲ್ಲಿ ತೆಗೆದರೆ ಯಾರ ತಲೆಯಾದರೂ ಕೆದರಿದ ಗೂಡಿನಂತೆ ಹೊಳೆಯುತ್ತದೆ. ಫೋನಿನ ಅಗಲ ಕೋನದ ಲೆನ್ಸನ್ನು ಹತ್ತಿರ ಹಿಡಿದರೆ ಅಂಚಿನಲ್ಲಿರುವ ತಲೆ ಹಿಗ್ಗುತ್ತದೆ. ಹೀಗೆ ಅರ್ಧ ನಗೆಯನ್ನು ಯಂತ್ರವೇ ತಯಾರಿಸಿ, ಪೂರ್ತಿ ಹೊಣೆಯನ್ನು ಆ ಮನುಷ್ಯನ ತಲೆಗೆ ಕಟ್ಟುತ್ತದೆ.

ಕಾನೂನು ಏನು ಹೇಳುತ್ತದೆ ಎಂದು ವಿದ್ಯಾರ್ಥಿಗಳು ತಪ್ಪದೆ ಕೇಳುತ್ತಾರೆ. ದೇಶದಿಂದ ದೇಶಕ್ಕೆ ಅದು ಬೇರೆ. ಈ ಜಗಳವಂತೂ ಕ್ಯಾಮೆರಾ ಕೈಗೆಟುಕಿದ ದಿನದಿಂದಲೇ ಶುರುವಾಗಿದೆ: ಅಮೆರಿಕದ ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಕೈಯಲ್ಲಿ ಹಿಡಿಯುವ ಕೊಡಕ್ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದರು; 1890ರಲ್ಲಿ ಬೋಸ್ಟನ್ನಿನ ವಕೀಲರಾದ ವಾರೆನ್ ಮತ್ತು ಬ್ರಾಂಡೈಸ್, ಕ್ಷಣಾರ್ಧದಲ್ಲಿ ತೆಗೆಯುವ ಚಿತ್ರಗಳೂ ಪತ್ರಿಕೆಗಳೂ ಸೇರಿ ಖಾಸಗಿ ಬದುಕನ್ನು ಹೊಕ್ಕಿವೆ ಎಂದು ವಾದಿಸಿ, ಖಾಸಗಿತನದ ಹಕ್ಕಿನ ಕುರಿತ ಪ್ರಸಿದ್ಧ ಲೇಖನವನ್ನು ಬರೆದರು. ಜರ್ಮನಿಯಲ್ಲಿ 1898ರಲ್ಲಿ ಮಾಜಿ ಚಾನ್ಸಲರ್ ಬಿಸ್ಮಾರ್ಕ್ ತೀರಿಕೊಂಡ ರಾತ್ರಿ ಇಬ್ಬರು ಛಾಯಾಗ್ರಾಹಕರು ಮನೆಯೊಳಗೆ ನುಸುಳಿ ಶವದ ಚಿತ್ರ ತೆಗೆದ ಪ್ರಕರಣದ ಬಳಿಕ, ವ್ಯಕ್ತಿಯ ಚಿತ್ರವನ್ನು ಪ್ರಕಟಿಸಲು ಆತನ ಒಪ್ಪಿಗೆ ಬೇಕೆಂಬ ಕಾಯಿದೆ 1907ರಲ್ಲಿ ಬಂತು. ಅಮೆರಿಕದಲ್ಲಿ ಗಾಳಿ ಬೇರೆ ಕಡೆಗೆ ಬೀಸುತ್ತದೆ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ದಾರಿಹೋಕರಿಗೆ ತಿಳಿಯದಂತೆ ಭಾವಚಿತ್ರಗಳನ್ನು ತೆಗೆದು ಪ್ರದರ್ಶಿಸಿದ ಫಿಲಿಪ್ ಲೋರ್ಕಾ ಡಿಕೋರ್ಸಿಯಾ ಅವರ ವಿರುದ್ಧ, ಚಿತ್ರದಲ್ಲಿದ್ದ ವೃದ್ಧರೊಬ್ಬರು ಧಾರ್ಮಿಕ ಕಾರಣ ನೀಡಿ ಹೂಡಿದ ದಾವೆಯನ್ನು ಅಲ್ಲಿನ ನ್ಯಾಯಾಲಯ 2006ರಲ್ಲಿ, ಇದು ಕಲೆ ಎಂದು ಹೇಳಿ ತಳ್ಳಿಹಾಕಿತು.

ನನ್ನ ಮನಸ್ಸಿನಲ್ಲಿ ನಿಂತಿರುವುದು ಕೆನಡಾದ ಪ್ರಕರಣ. ಮಾಂಟ್ರಿಯಲ್ ನಗರದಲ್ಲಿ ಕಟ್ಟಡವೊಂದರ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತಿದ್ದ ಹದಿನೇಳರ ಹುಡುಗಿಯ ಚಿತ್ರವನ್ನು ಕೇಳದೆ ತೆಗೆದು, ಕಲಾ ಪತ್ರಿಕೆಯೊಂದು ಪ್ರಕಟಿಸಿತು. ಚಿತ್ರದಲ್ಲಿ ಅವಮಾನಕರವಾದದ್ದು ಏನೂ ಇರಲಿಲ್ಲ; ಆ ಸಂಚಿಕೆ ಮಾರಾಟವಾದದ್ದು 722 ಪ್ರತಿಗಳಷ್ಟೇ. ಜನ ತನ್ನನ್ನು ನೋಡಿ ನಕ್ಕರು ಎಂಬುದು ಆಕೆಯ ಅಳಲು. 1998ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕ್ವಿಬೆಕ್ ಪ್ರಾಂತ್ಯದ ಕಾನೂನಿನಡಿ ಆಕೆಯ ಪರ ನಿಂತು 2,000 ಡಾಲರ್ ಪರಿಹಾರವನ್ನು ಎತ್ತಿಹಿಡಿಯಿತು. ಅಂದ ಹಾಗೆ, 722 ಎಂಬುದು ಇಂದು ಫೋನಿನಿಂದ ಫೋನಿಗೆ ಹಾರುವ ಒಂದು ಚಿತ್ರ ಮಧ್ಯಾಹ್ನದೊಳಗೆ ದಾಟಿಬಿಡುವ ಸಂಖ್ಯೆ.

ಹಾಗಾದರೆ ಕೇಳದೆ ಚಿತ್ರ ತೆಗೆಯುವುದೆಲ್ಲ ತಪ್ಪೇ ಎಂದರೆ, ನನಗೆ ಹಾಗೆನ್ನಿಸುವುದಿಲ್ಲ. ಅಮೆರಿಕದ ಛಾಯಾಗ್ರಾಹಕ ವಾಕರ್ ಇವಾನ್ಸ್ 1938ರಿಂದ 41ರವರೆಗೆ ಕೋಟಿನೊಳಗೆ ಕ್ಯಾಮೆರಾ ಬಚ್ಚಿಟ್ಟುಕೊಂಡು ನ್ಯೂಯಾರ್ಕಿನ ನೆಲದಡಿಯ ರೈಲಿನಲ್ಲಿ ಪ್ರಯಾಣಿಕರ ಚಿತ್ರ ತೆಗೆದರು. ಮೊದಲೇ ಕೇಳಿದ್ದರೆ ಆ ಮುಖಗಳ ದಣಿವು, ಮೈಮರೆವು ಯಾವುದೂ ದಕ್ಕುತ್ತಿರಲಿಲ್ಲ. ಅವು ಪುಸ್ತಕವಾಗಿ ಬಂದದ್ದು 1966ರಲ್ಲಿ, ಕಾಲು ಶತಮಾನ ಕಳೆದ ಮೇಲೆ. ಅವರು ಬಳಸಿದ ವಿಧಾನಕ್ಕೂ ನನ್ನ ವಿದ್ಯಾರ್ಥಿಯ ವಿಧಾನಕ್ಕೂ ತಾಂತ್ರಿಕವಾಗಿ ಹೆಚ್ಚು ವ್ಯತ್ಯಾಸವಿಲ್ಲ. ಇವಾನ್ಸ್ ಇನ್ನೂ ಹೆಚ್ಚು ಬಚ್ಚಿಟ್ಟಿದ್ದರು. ವ್ಯತ್ಯಾಸ ಇರುವುದು ಚಿತ್ರಗಳನ್ನು ಪೋಣಿಸಿದ ದಾರದಲ್ಲಿ. ಒಂದೇ ಊನವನ್ನು ಹುಡುಕಿಕೊಂಡು ಹೋಗಿ ಇಪ್ಪತ್ತು ಜನರನ್ನು ಸಾಲಾಗಿ ನಿಲ್ಲಿಸಿದಾಗ, ಪ್ರತಿಯೊಬ್ಬರೂ ಮನುಷ್ಯರಾಗಿ ಉಳಿಯದೆ ಮಾದರಿಗಳಾಗುತ್ತಾರೆ. ‘ಔಟ್‌ಡೇಟೆಡ್’ ಎಂಬ ಶೀರ್ಷಿಕೆ ಬರೆದ ಕ್ಷಣದಲ್ಲಿ ಆ ಹುಡುಗ ಛಾಯಾಗ್ರಾಹಕನ ಜಾಗದಿಂದ ಎದ್ದು ತೀರ್ಪುಗಾರನ ಜಾಗದಲ್ಲಿ ಕುಳಿತ. ಚಿತ್ರ ತೆಗೆಯುವ ಹಕ್ಕು ಎಷ್ಟೇ ವಿಶಾಲವಾಗಿದ್ದರೂ, ಒಬ್ಬರನ್ನು ನಗೆಪಾಟಲಿನ ಸಾಮಗ್ರಿಯನ್ನಾಗಿ ಮಾಡುವ ಹಕ್ಕು ಅದರ ಬೆನ್ನಿಗೆ ತಾನಾಗಿ ಬರುವುದಿಲ್ಲ.

ದೂರದ ಬಗ್ಗೆಯೂ ಒಂದು ಮಾತು. ನಾನು ಬೀದಿಯಲ್ಲಿ 35 ಮಿಲಿಮೀಟರ್ ಲೆನ್ಸ್ ಬಳಸುತ್ತೇನೆ. ಅದರಲ್ಲಿ ಒಬ್ಬರು ಚೌಕಟ್ಟು ತುಂಬಬೇಕಾದರೆ ನಾನು ಎರಡು ಮೀಟರಿನೊಳಗೆ ಹೋಗಬೇಕು. ಅಷ್ಟು ಹತ್ತಿರ ಹೋದವನನ್ನು ಅವರು ನೋಡಬಹುದು, ಗದರಿಸಬಹುದು, ಮುಖ ತಿರುಗಿಸಿಕೊಳ್ಳಬಹುದು. ದೂರದಿಂದಲೇ ಹತ್ತಿರ ಎಳೆದು ತೋರಿಸುವ 200 ಮಿಲಿಮೀಟರಿನ ಲೆನ್ಸು ಈ ಮೂರು ಅವಕಾಶಗಳನ್ನೂ ಅವರಿಂದ ಕಿತ್ತುಕೊಳ್ಳುತ್ತದೆ. ಸಂದೇಶ ಓದುವವನಂತೆ ನಟಿಸುತ್ತ ಫೋನನ್ನು ಓರೆ ಹಿಡಿಯುವುದೂ ಅಷ್ಟೇ. ದಕ್ಷಿಣ ಕೊರಿಯಾದಲ್ಲಿ 2004ರಿಂದ ಫೋನಿನ ಕ್ಯಾಮೆರಾ 60ರಿಂದ 68 ಡೆಸಿಬೆಲ್‌ನಷ್ಟು ಸದ್ದು ಮಾಡಲೇಬೇಕೆಂಬ ಮಾನದಂಡ ಬಂದದ್ದು ಕದ್ದು ತೆಗೆಯುವವರ ಹಾವಳಿಯಿಂದ. ಸದ್ದು ಅಡಗಿಸುವ ಆ್ಯಪ್‌ಗಳು ಹಿಂದೆಯೇ ಬಂದವು, ಆ ಮಾತು ಬೇರೆ.

ಕೆಲವು ವರ್ಷಗಳ ಹಿಂದೆ, ಹೆಗಲವರೆಗೆ ಇಳಿದ ಕೂದಲು ಮತ್ತು ದವಡೆ ಮುಟ್ಟುವ ಸೈಡ್‌ಲಾಕ್ ಇದ್ದ ವ್ಯಕ್ತಿಯೊಬ್ಬರ ಚಿತ್ರವನ್ನು ಬಸ್ ನಿಲ್ದಾಣದಲ್ಲಿ ಕೇಳದೆ ತೆಗೆದೆ. ಆಮೇಲೆ ಹತ್ತಿರ ಹೋಗಿ ಕ್ಯಾಮೆರಾದ ಪರದೆಯಲ್ಲಿ ತೋರಿಸಿದೆ. ಕೂದಲಿನ ಬಗ್ಗೆ ಮುಜುಗರಪಡಬಹುದೆಂದು ನಾನು ಅಂದುಕೊಂಡಿದ್ದೆ. ಅವರು ಪರದೆಯನ್ನು ಹಿಗ್ಗಿಸಿ ನೋಡಿದ್ದು ತಮ್ಮನ್ನಲ್ಲ, ಹಿಂದಿದ್ದ ಗಡಿಯಾರವನ್ನು. “ಈ ಹೊತ್ತಿನಲ್ಲಿ ನಾನು ಇಲ್ಲಿದ್ದೆ ಅಂತ ಗೊತ್ತಾದರೆ ತೊಂದರೆಯಾಗುತ್ತದೆ, ದಯವಿಟ್ಟು ಅಳಿಸಿಬಿಡಿ” ಎಂದರು. ಏನು ತೊಂದರೆ ಎಂದು ನಾನು ಕೇಳಲಿಲ್ಲ; ಅವರೆದುರಿಗೇ ಅಳಿಸಿದೆ. ಚಿತ್ರ ಚೆನ್ನಾಗಿತ್ತು, ಈಗಲೂ ಸ್ವಲ್ಪ ಹೊಟ್ಟೆಯುರಿಯುತ್ತದೆ. ಆದರೆ ಅಪರಿಚಿತರ ಚಿತ್ರದಲ್ಲಿ ಅವರಿಗೆ ನೋವು ತರುವುದು ಯಾವುದೆಂದು ಊಹಿಸಲು ಹೋಗುವ ಚಾಳಿ ಅಂದಿನಿಂದ ಬಿಟ್ಟುಹೋಯಿತು. ತೆಗೆದ ಮೇಲೆ ತೋರಿಸುತ್ತೇನೆ, ಬೇಡವೆಂದರೆ ಅಳಿಸುತ್ತೇನೆ, ತೋರಿಸಲು ನನಗೇ ನಾಚಿಕೆಯಾಗುವ ಚಿತ್ರವಾದರೆ ಅವರು ಹೇಳುವ ಮೊದಲೇ ಅಳಿಸುತ್ತೇನೆ. ಮಕ್ಕಳು, ಕಾಯಿಲೆಯವರು, ನಿದ್ದೆಹೋದವರ ವಿಷಯದಲ್ಲಿ ಇಷ್ಟರವರೆಗೂ ಹೋಗುವುದಿಲ್ಲ, ಕ್ಯಾಮೆರಾ ಎತ್ತುವುದೇ ಇಲ್ಲ.

ಹುಡುಗನಿಗೆ ಇಷ್ಟನ್ನೆಲ್ಲ ಉಪದೇಶ ಮಾಡಲಿಲ್ಲ. ಅದೇ ವಿಷಯ, ಅದೇ ಇಪ್ಪತ್ತು ಚಿತ್ರ, ಆದರೆ ಎಲ್ಲವೂ ಮುಂದಿನಿಂದ, ಕೇಳಿಯೇ ತೆಗೆಯಬೇಕು ಎಂದೆ. ಎರಡು ವಾರದ ಮೇಲೆ ಬಂದಾಗ ಅವನ ಬಳಿ ಇದ್ದದ್ದು ಆರು ಚಿತ್ರಗಳು. ಉಳಿದವರು ಬೇಡವೆಂದಿದ್ದರು, ಇಬ್ಬರು ಬೈದೂ ಇದ್ದರು. ಆರರಲ್ಲಿ ಒಂದು, ಏಳನೆಯ ಚಿತ್ರದ ಆ ಹಿರಿಯರದ್ದು. ಅದೇ ಜಾಗದಲ್ಲಿ ದಿನವೂ ನಡೆದಾಡಲು ಬರುತ್ತಾರಂತೆ. ಚಿತ್ರ ತೆಗೆಯಲೇ ಎಂದು ಕೇಳಿದಾಗ, “ಒಂದು ನಿಮಿಷ ಇರಪ್ಪ” ಎಂದು ಜೇಬಿನಿಂದ ಸಣ್ಣ ಬಾಚಣಿಗೆ ತೆಗೆದು, ಆ ನಾಲ್ಕೆಳೆಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಕೂರಿಸಿ, ಅಂಗೈಯಿಂದ ಒತ್ತಿ, ಬಾಚಣಿಗೆಯನ್ನು ಮತ್ತೆ ಜೇಬಿಗಿಟ್ಟು, ಗದ್ದ ಮೇಲೆತ್ತಿ ನಿಂತಿದ್ದರಂತೆ. ಅವರು ಬಾಚುವಾಗಿನ ಚಿತ್ರವನ್ನೂ ಹುಡುಗ ತೆಗೆಯಬಹುದಿತ್ತು. ತೆಗೆದೆಯಾ ಎಂದು ಕೇಳಿದೆ. ಇಲ್ಲ ಸರ್, ಅವರು ಸಿದ್ಧವಾಗುವವರೆಗೂ ಕಾದೆ ಎಂದ.