ಹೋಮ್‌ಓನರ್‌ಶಿಪ್ ಗ್ಯಾಪ್: ಅಮೆರಿಕದಲ್ಲಿ ಸ್ವಂತ ಮನೆ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ

ಅಮೆರಿಕದ ಸುದ್ದಿ ಓದುವವರಿಗೆ ‘ರೇಶಿಯಲ್ ಹೋಮ್‌ಓನರ್‌ಶಿಪ್ ಗ್ಯಾಪ್’ ಅನ್ನೋ ಮಾತು ಆಗಾಗ ಕಣ್ಣಿಗೆ ಬೀಳುತ್ತದೆ. ಸ್ವಂತ ಮನೆ ಇರುವ ಬಿಳಿಯರು ಎಷ್ಟು, ಬೇರೆ ಜನಾಂಗದವರು ಎಷ್ಟು, ಆ ಎರಡರ ನಡುವಿನ ಅಂತರವೇ ಇದು. 100 ಬಿಳಿ ಕುಟುಂಬಗಳಲ್ಲಿ ಸುಮಾರು 73 ಕುಟುಂಬಗಳಿಗೆ ಸ್ವಂತ ಮನೆ ಇದೆ. ಕಪ್ಪು ಕುಟುಂಬಗಳಲ್ಲಿ ಸುಮಾರು 45ಕ್ಕೆ ಮಾತ್ರ. ಹಿಸ್ಪಾನಿಕ್ ಕುಟುಂಬಗಳಲ್ಲಿ 50ಕ್ಕೆ ತುಸು ಕಡಿಮೆ, ಏಷ್ಯಾ ಮೂಲದವರಲ್ಲಿ 60ರ ಮೇಲೆ.

1960ರಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಇದ್ದ ಅಂತರ 27ರ ಹತ್ತಿರ. ಇವತ್ತು 28ರ ಆಸುಪಾಸು. 1960 ಅಂದರೆ ಬಣ್ಣ ನೋಡಿ ಮನೆ ಕೊಡಲ್ಲ ಅನ್ನೋದಕ್ಕೆ ದೇಶಮಟ್ಟದ ಕಾನೂನಿನ ತಡೆ ಇಲ್ಲದಿದ್ದ ಕಾಲ. ಅಲ್ಲಿಂದ ಇಲ್ಲಿಗೆ ಅರವತ್ತು ವರ್ಷ ಕಳೆದರೂ ಅಂತರ ಕಮ್ಮಿಯಾಗಿಲ್ಲ.

ದುಡಿಮೆ ಕಮ್ಮಿ, ಉಳಿತಾಯ ಕಮ್ಮಿ, ಅದಕ್ಕೇ ಮನೆ ಇಲ್ಲ ಅಂತ ಸುಮ್ನೆ ಹೇಳಿಬಿಡುವವರಿದ್ದಾರೆ. ಆದರೆ ಈ ಅಂತರ ತಾನಾಗಿ ಹುಟ್ಟಿದ್ದಲ್ಲ. ಅದಕ್ಕೆ ಸರ್ಕಾರದ ಕಡತಗಳೇ ಸಾಕ್ಷಿ.

1930ರ ದಶಕದ ಆರ್ಥಿಕ ಕುಸಿತದಲ್ಲಿ ಲಕ್ಷಾಂತರ ಜನ ಮನೆ ಕಳೆದುಕೊಳ್ಳುವ ಸ್ಥಿತಿಗೆ ಬಂದರು. ಆಗ 1933ರಲ್ಲಿ, ಅವರ ಮನೆ ಸಾಲಕ್ಕೆ ನೆರವಾಗಲು, ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ಅನ್ನೋ ಸರ್ಕಾರಿ ಸಂಸ್ಥೆ ಶುರುವಾಯಿತು. ಅದು 200ಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿಸಿ, ಒಂದೊಂದು ಬಡಾವಣೆಗೂ ಬಣ್ಣ ಹಚ್ಚಿತು. ಹಸಿರು ಅಂದರೆ ಅತ್ಯುತ್ತಮ, ನೀಲಿ ಪರವಾಗಿಲ್ಲ, ಹಳದಿ ಇಳಿಮುಖ, ಕೆಂಪು ಅಪಾಯಕಾರಿ. ಕಪ್ಪು ಜನ ಹೆಚ್ಚಿದ್ದ ಬಡಾವಣೆಗಳಿಗೆಲ್ಲ ಹೆಚ್ಚುಕಮ್ಮಿ ಕೆಂಪೇ ಬಿತ್ತು. ಬಡಾವಣೆ ನೋಡಿ ಸಾಲ ನಿರಾಕರಿಸುವುದಕ್ಕೆ ಹೇಳುವ ‘ರೆಡ್‌ಲೈನಿಂಗ್’ ಅನ್ನೋ ಮಾತು ಈ ಕೆಂಪು ಗೆರೆಯ ಜೊತೆ ಸೇರಿಕೊಂಡಿದೆ.

ಇದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು 1934ರಲ್ಲಿ ಬಂದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್, ಅಂದರೆ ಎಫ್‌ಎಚ್‌ಎ. ಇದು ನೇರವಾಗಿ ಸಾಲ ಕೊಡುತ್ತಿರಲಿಲ್ಲ, ಬ್ಯಾಂಕ್ ಕೊಟ್ಟ ಸಾಲಕ್ಕೆ ವಿಮೆ ಮಾಡುತ್ತಿತ್ತು. ಅದಕ್ಕೂ ಮೊದಲು ಮನೆ ಸಾಲ ಅಂದರೆ ಅರ್ಧದಷ್ಟು ದುಡ್ಡು ಕೈಯಿಂದ ಹಾಕಬೇಕು, ಉಳಿದದ್ದನ್ನು ಕೆಲವೇ ವರ್ಷಗಳಲ್ಲಿ ತೀರಿಸಬೇಕು. ಎಫ್‌ಎಚ್‌ಎ ವಿಮೆ ಬಂದ ಮೇಲೆ ಶೇ. 20ರಷ್ಟು ಕೈಯಿಂದ ಹಾಕಿದರೆ ಸಾಕಾಯಿತು, ಉಳಿದದ್ದನ್ನು 20 ವರ್ಷ ತಿಂಗಳ ಕಂತಿನಲ್ಲಿ ಕಟ್ಟಬಹುದಾಯಿತು. ಕಾರ್ಖಾನೆ ಕೆಲಸದವನೂ ಮನೆ ಮಾಲೀಕನಾದ. ಆದರೆ ಕಪ್ಪು ಜನರ ಬಡಾವಣೆಗೆ, ಅಥವಾ ಅದರ ಪಕ್ಕದ ಜಾಗಕ್ಕೆ, ಈ ವಿಮೆ ಸಿಗುತ್ತಿರಲಿಲ್ಲ. ಎಫ್‌ಎಚ್‌ಎ ಕೈಪಿಡಿಯಲ್ಲೇ ಹಾಗೆ ಬರೆದಿತ್ತು.

ಡೆಟ್ರಾಯ್ಟ್ ನಗರದಲ್ಲಿ ಇದರ ಗುರುತು ಇವತ್ತಿಗೂ ನಿಂತಿದೆ. ಎಯ್ಟ್ ಮೈಲ್ ರಸ್ತೆಯ ಹತ್ತಿರ ಕಪ್ಪು ಕುಟುಂಬಗಳು ಮೊದಲಿಂದ ವಾಸವಿದ್ದವು. ಪಕ್ಕದ ಖಾಲಿ ಜಾಗದಲ್ಲಿ ಬಿಳಿಯರಿಗೆ ಮನೆ ಕಟ್ಟಲು ಒಬ್ಬ ಬಿಲ್ಡರ್ ಹೊರಟ. ಕಪ್ಪು ಜನ ತೀರಾ ಹತ್ತಿರ ಇದ್ದಾರೆ ಅಂತ ಎಫ್‌ಎಚ್‌ಎ ಒಪ್ಪಲಿಲ್ಲ. 1941ರಲ್ಲಿ ಅವನು ಎರಡರ ನಡುವೆ ಆರಡಿ ಎತ್ತರದ, ಅರ್ಧ ಮೈಲಿ ಉದ್ದದ ಕಾಂಕ್ರೀಟ್ ಗೋಡೆ ಎಬ್ಬಿಸಿದ. ವಿಮೆ ಸಿಕ್ಕಿತು! ಆರಡಿ ಗೋಡೆಯಿಂದ ಯಾವ ಅಪಾಯ ತಪ್ಪಿತು ಹೇಳಿ? ಮನೆಗಳ ಹಿತ್ತಿಲಲ್ಲಿ ಹಾದುಹೋಗುವ ಆ ಗೋಡೆಯ ಒಂದು ಭಾಗದಲ್ಲಿ ಈಗ ಬಣ್ಣಬಣ್ಣದ ಚಿತ್ರಗಳಿವೆ.

ಎರಡನೇ ಮಹಾಯುದ್ಧ ಮುಗಿದ ಮೇಲೂ ಇದೇ ಕಥೆ. ನ್ಯೂಯಾರ್ಕ್ ಬಳಿ ಲೆವಿಟ್‌ಟೌನ್ ಅನ್ನೋ ದೊಡ್ಡ ಬಡಾವಣೆ 1947ರಲ್ಲಿ ಶುರುವಾಯಿತು. ಬಿಳಿಯರಲ್ಲದವರು ಈ ಮನೆಯಲ್ಲಿ ವಾಸ ಮಾಡುವಂತಿಲ್ಲ ಅಂತ ಅಲ್ಲಿನ ಕರಾರಿನಲ್ಲೇ ಷರತ್ತು ಇತ್ತು. ಇಂಥ ಷರತ್ತಿಗೆ ‘ರೇಶಿಯಲ್ ಕವನೆಂಟ್’ ಅಂತಾರೆ. ಇವನ್ನು ಕೋರ್ಟ್‌ಗಳು ಜಾರಿ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1948ರಲ್ಲಿ ಹೇಳಿತು. ಅಷ್ಟಾದರೂ ಎಷ್ಟೋ ಹಳೇ ಪತ್ರಗಳಲ್ಲಿ ಆ ಸಾಲು ಇನ್ನೂ ಹಾಗೇ ಇದೆ.

ಬ್ಯಾಂಕ್ ಬಾಗಿಲು ಮುಚ್ಚಿದಾಗ ಏನಾಗುತ್ತೆ? ಷಿಕಾಗೋದಲ್ಲಿ ಕಪ್ಪು ಕುಟುಂಬಗಳು ಮಧ್ಯವರ್ತಿಗಳ ಕೈಗೆ ಸಿಕ್ಕಿಬಿದ್ದವು. ಅವರು ಬಿಳಿಯರಿಂದ ಅಗ್ಗಕ್ಕೆ ಕೊಂಡ ಮನೆಯನ್ನೇ ದುಪ್ಪಟ್ಟು ಬೆಲೆಗೆ ‘ಕಾಂಟ್ರಾಕ್ಟ್’ ಮೇಲೆ ಮಾರುತ್ತಿದ್ದರು. ಕೊನೆಯ ಕಂತು ಕಟ್ಟುವವರೆಗೂ ಪತ್ರ ಮಾರಿದವನ ಹೆಸರಲ್ಲೇ. ಒಂದು ಕಂತು ತಪ್ಪಿದರೂ ಮನೆಯೂ ಹೋಯಿತು, ಅಲ್ಲಿಯವರೆಗೆ ಕಟ್ಟಿದ ದುಡ್ಡೂ ಹೋಯಿತು. ಆಮೇಲೆ ಅದೇ ಮನೆ ಇನ್ನೊಂದು ಕುಟುಂಬಕ್ಕೆ. ಅಂದರೆ ದುಡಿಯುತ್ತಿದ್ದವರು, ತಿಂಗಳು ತಿಂಗಳು ತಪ್ಪದೆ ಕಟ್ಟುತ್ತಿದ್ದವರು ಇವರು. ಕಟ್ಟಿದ್ದಕ್ಕೆ ಕೈಯಲ್ಲಿ ಏನೂ ಉಳಿಯಲಿಲ್ಲ.

1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ಒಂದು ವಾರದಲ್ಲಿ ಫೇರ್ ಹೌಸಿಂಗ್ ಆಕ್ಟ್ ಬಂತು. ಮನೆ ಮಾರಾಟ, ಬಾಡಿಗೆ, ಸಾಲದಲ್ಲಿ ಜನಾಂಗ ಭೇದ ಕಾನೂನುಬಾಹಿರವಾಯಿತು. ಹಾಗಾದರೆ ಅಂತರ ಯಾಕೆ ಉಳಿಯಿತು?

ಉತ್ತರ ಡೌನ್ ಪೇಮೆಂಟ್‌ನಲ್ಲಿದೆ, ಅಂದರೆ ಮನೆ ಕೊಳ್ಳುವಾಗ ಮೊದಲೇ ಕೈಯಿಂದ ಹಾಕಬೇಕಾದ ದುಡ್ಡಿನಲ್ಲಿ. 4 ಲಕ್ಷ ಡಾಲರ್‌ನ ಮನೆ ಅಂದುಕೊಳ್ಳಿ. ಶೇ. 20 ಅಂದರೆ 80,000 ಡಾಲರ್. ಇವತ್ತಿನ ಎಫ್‌ಎಚ್‌ಎ ಸಾಲದ ಶೇ. 3.5ರ ಲೆಕ್ಕದಲ್ಲೂ 14,000 ಡಾಲರ್ ಬೇಕು. ಅದರ ಮೇಲೆ ಕ್ಲೋಸಿಂಗ್ ಕಾಸ್ಟ್, ಅಂದರೆ ಸಾಲ ಮತ್ತು ನೋಂದಣಿಯ ಶುಲ್ಕಗಳು ಅಂತ ಮತ್ತೆ ಕೆಲವು ಸಾವಿರ. ಚಿಕ್ಕ ವಯಸ್ಸಿನವರಿಗೆ ಈ ಇಡುಗಂಟು ಎಲ್ಲಿಂದ ಬರಬೇಕು? ಎಷ್ಟೋ ಸಲ ಅಪ್ಪ ಅಮ್ಮನಿಂದ. ಅವರಿಗೆ ಎಲ್ಲಿಂದ? ತಮ್ಮ ಮನೆಯ ಬೆಲೆ ಏರಿದ್ದರಿಂದ. 1947ರಲ್ಲಿ ಅಜ್ಜನಿಗೆ ಮನೆ ಕೊಡದಿದ್ದರೆ ಮೊಮ್ಮಗಳ ಕೈಯಲ್ಲಿ ಆ 14,000 ಇರುವುದಿಲ್ಲ. ಸಂಬಳ ಒಂದೇ ಇರಬಹುದು, ಬಾಡಿಗೆಗೆ ಕೊಡುವ ದುಡ್ಡಲ್ಲೇ ಸಾಲದ ಕಂತು ಕಟ್ಟಬಹುದು. ಆ ಮೊದಲ ಗಂಟು ಮಾತ್ರ ಹೊಂದಲ್ಲ.

ಇದರ ಮೇಲೆ 2008ರ ಸಾಲ ಬಿಕ್ಕಟ್ಟೂ ಬಂತು. ಅರ್ಹತೆ ಇದ್ದರೂ ಕಪ್ಪು ಮತ್ತು ಹಿಸ್ಪಾನಿಕ್ ಗ್ರಾಹಕರಿಗೆ ಜಾಸ್ತಿ ದುಬಾರಿ ಸಾಲ ಅಂಟಿಸಿದ ಆರೋಪದ ಮೇಲೆ ಮನೆ ಸಾಲ ಕೊಡುತ್ತಿದ್ದ ಕಂಟ್ರಿವೈಡ್ ಕಂಪನಿ 2011ರಲ್ಲಿ 33.5 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು. 2 ಲಕ್ಷಕ್ಕೂ ಹೆಚ್ಚು ಗ್ರಾಹಕರ ವಿಷಯ ಅದು. ಆ ಬಿಕ್ಕಟ್ಟಿನಲ್ಲಿ ಕಷ್ಟಪಟ್ಟು ಕೊಂಡ ಮನೆಗಳು ಜಪ್ತಿಯಾಗಿ ಹೋದವು.

ಹೀಗಾಗಿ ಸಹಾಯ ಯೋಜನೆಗಳು ಹೆಚ್ಚಾಗಿ ಗುರಿ ಇಡುವುದು ಡೌನ್ ಪೇಮೆಂಟ್ ಮೇಲೆಯೇ. ಹೆಚ್ಚುಕಮ್ಮಿ ಎಲ್ಲ ರಾಜ್ಯಗಳಲ್ಲೂ ಇದಕ್ಕೆ ನೆರವು ಕೊಡುವ ಹೌಸಿಂಗ್ ಫೈನಾನ್ಸ್ ಏಜೆನ್ಸಿ ಇದೆ. ಕೆಲವು ಕಡೆ ಸಿಗುವ ಹಣ ವಾಪಸ್ ಕೊಡಬೇಕಿಲ್ಲ. ಕೆಲವು ಕಡೆ ಇಂತಿಷ್ಟು ವರ್ಷ ಅದೇ ಮನೆಯಲ್ಲಿದ್ದರೆ ಸಾಲ ಮನ್ನಾ. ಇನ್ನು ಕೆಲವು ಕಡೆ ಕಂತೇ ಇಲ್ಲದ ಎರಡನೇ ಸಾಲ, ಮನೆ ಮಾರಿದಾಗ ತೀರಿಸಿದರಾಯಿತು. ಮಾಜಿ ಸೈನಿಕರಿಗೆ ಅವರ ಇಲಾಖೆಯ (ವಿಎ) ಖಾತರಿಯ ಸಾಲದಲ್ಲಿ ಡೌನ್ ಪೇಮೆಂಟೇ ಬೇಡ. ‘ಮೊದಲ ಮನೆ’ ಅಂದರೆ ಬಹಳಷ್ಟು ಯೋಜನೆಗಳಲ್ಲಿ ಕಳೆದ ಮೂರು ವರ್ಷ ಸ್ವಂತ ಮನೆ ಇರಬಾರದು ಅಂತ ಅಷ್ಟೇ. ಹಿಂದೆ ಯಾವತ್ತೋ ಮನೆ ಇದ್ದವರಿಗೂ ಸಿಗುತ್ತದೆ. ಇದು ಗೊತ್ತಿಲ್ಲದೆ ಅರ್ಜಿ ಹಾಕದವರೂ ಇರುತ್ತಾರೆ.

ಇವುಗಳಲ್ಲಿ ಹೆಚ್ಚಿನವು ಜನಾಂಗ ನೋಡುವುದಿಲ್ಲ, ಆದಾಯ ನೋಡುತ್ತವೆ. ಕ್ಯಾಲಿಫೋರ್ನಿಯಾದ ‘ಡ್ರೀಮ್ ಫಾರ್ ಆಲ್’ ಯೋಜನೆ 2023ರಲ್ಲಿ ಶುರುವಾದಾಗ ಎರಡು ವಾರದೊಳಗೆ ದುಡ್ಡು ಖಾಲಿಯಾಯಿತು. 2024ರಿಂದ ಲಾಟರಿ ಎತ್ತುತ್ತಾರೆ. ಅರ್ಜಿದಾರರಲ್ಲಿ ಒಬ್ಬರಾದರೂ ತಂದೆ ತಾಯಿಗೆ ಸ್ವಂತ ಮನೆ ಇಲ್ಲದವರಾಗಿರಬೇಕು ಅನ್ನೋ ನಿಯಮವನ್ನೂ ಸೇರಿಸಿದರು. ನನಗೆ ಇದು ಒಳ್ಳೇ ದಾರಿ ಅನಿಸುತ್ತದೆ, ಯಾಕೆಂದರೆ ಆ ಇಡುಗಂಟು ಯಾರ ಮನೆಯಲ್ಲಿ ಇಲ್ಲವೋ ಅಲ್ಲಿಗೇ ತಲುಪುತ್ತದೆ. ಇಲಿನಾಯ್‌ನ ಎವನ್‌ಸ್ಟನ್ ನಗರ ನೇರವಾಗಿ ಜನಾಂಗದ ಆಧಾರದ ಮೇಲೆಯೇ ಹೋಯಿತು. 1919ರಿಂದ 1969ರವರೆಗೆ ಅಲ್ಲಿದ್ದ ಕಪ್ಪು ನಿವಾಸಿಗಳಿಗೆ ಮತ್ತು ಅವರ ಸಂತತಿಗೆ ಮನೆಗಾಗಿ 25,000 ಡಾಲರ್ ಕೊಡಲು 2021ರಲ್ಲಿ ತೀರ್ಮಾನಿಸಿತು. ಅದರ ವಿರುದ್ಧ 2024ರಲ್ಲಿ ಕೇಸ್ ಬಿತ್ತು.

‘ನಾವು ಬಂದು ಹತ್ತು ವರ್ಷಕ್ಕೇ ಮನೆ ತಗೊಂಡ್ವಿ, ಇವರಿಗೇನು ಕಷ್ಟ?’ ಅನ್ನುವ ಮಾತು ಅಮೆರಿಕದಲ್ಲಿರುವ ನಮ್ಮವರ ಬಾಯಲ್ಲೂ ಬರುತ್ತದೆ. ಅದು ನ್ಯಾಯವಾದ ಹೋಲಿಕೆ ಅಲ್ಲ. ನಮ್ಮವರು ದೊಡ್ಡ ಸಂಖ್ಯೆಯಲ್ಲಿ ಹೋದದ್ದು 1965ರ ವಲಸೆ ಕಾನೂನು ಬಂದ ಮೇಲೆ, ಓದು ಮತ್ತು ನೌಕರಿಯ ಆಧಾರದ ಮೇಲೆ. ಮನೆ ಕೊಳ್ಳುವ ಹೊತ್ತಿಗೆ ಫೇರ್ ಹೌಸಿಂಗ್ ಆಕ್ಟ್ ಬಂದಾಗಿತ್ತು. ಅದಕ್ಕೂ ಮೊದಲು ಹೋದ ಭಾರತೀಯರ ಪಾಡು ಬೇರೆಯೇ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿಳಿದ ಕಲಾ ಬಾಗೈ ಅವರ ಕುಟುಂಬ ಆಮೇಲೆ ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನು ತಂದಾಗ, ನೆರೆಯವರು ಮನೆಗೆ ಬೀಗ ಹಾಕಿ ಒಳಗೆ ಬಿಡಲಿಲ್ಲ. ಅದೇ ಊರಿನ ಒಂದು ರಸ್ತೆಗೆ ಈಗ ಅವರ ಹೆಸರಿದೆ.

ವಾಷಿಂಗ್ಟನ್ ರಾಜ್ಯ ಇದನ್ನು ಮರೆತಿಲ್ಲ. 2023ರ ಕವನೆಂಟ್ ಹೋಮ್‌ಓನರ್‌ಶಿಪ್ ಕಾನೂನಿನಡಿ, ರೇಶಿಯಲ್ ಕವನೆಂಟ್‌ಗಳಿಂದ ನಷ್ಟವಾದವರಿಗೆ ಡೌನ್ ಪೇಮೆಂಟ್ ಮತ್ತು ಕ್ಲೋಸಿಂಗ್ ಕಾಸ್ಟ್‌ಗೆ ಬಡ್ಡಿಯಿಲ್ಲದ ಸಾಲ ಕೊಡುತ್ತಾರೆ. ಕಪ್ಪು, ಹಿಸ್ಪಾನಿಕ್, ಮೂಲನಿವಾಸಿ, ಕೊರಿಯನ್ ಸಮುದಾಯಗಳ ಜೊತೆ ಆ ಪಟ್ಟಿಯಲ್ಲಿ ಭಾರತೀಯ ಮೂಲದವರೂ ಇದ್ದಾರೆ. ಆದರೆ ಅರ್ಜಿದಾರರು ಅಥವಾ ಅವರ ತಂದೆ ತಾಯಿ, ಅಜ್ಜ ಅಜ್ಜಿ, ಮುತ್ತಜ್ಜ ಮುತ್ತಜ್ಜಿ 1968ರ ಏಪ್ರಿಲ್‌ಗಿಂತ ಮೊದಲೇ ಆ ರಾಜ್ಯದಲ್ಲಿ ಇದ್ದಿರಬೇಕು. ಹಾಗಾಗಿ ಇವತ್ತು ಸಿಯಾಟಲ್ ಕಡೆ ಇರುವ ಕನ್ನಡಿಗರಲ್ಲಿ ಬಹುಪಾಲು ಜನರಿಗೆ ಇದು ಅನ್ವಯಿಸುವುದಿಲ್ಲ. ಯೋಜನೆಗೆ ದುಡ್ಡು ಬರುವುದು ಆಸ್ತಿ ಪತ್ರ ರಿಜಿಸ್ಟರ್ ಮಾಡಿಸುವಾಗ ಕಟ್ಟುವ 100 ಡಾಲರ್ ಶುಲ್ಕದಿಂದ. ಬೆಲ್‌ವ್ಯೂ, ರೆಡ್ಮಂಡ್‌ನಲ್ಲಿ ಮನೆ ಕೊಳ್ಳುವ ನಮ್ಮವರ ದುಡ್ಡೂ ಅದರಲ್ಲಿ ಸೇರುತ್ತದೆ. ಅದು ಹೋಗಬೇಕಾದ ಕಡೆಗೇ ಹೋಗುತ್ತಿದೆ ಅಂತ ನನ್ನ ಅನಿಸಿಕೆ.