ಎಂಟು ಮತ್ತು ಎಂಟರ್

ಕಾರವಾರದ ಬೈತಖೋಲ ಬಂದರಿಗೆ ಬಂಗಡೆ ಬಂತೆಂದರೆ ಐಸಿಗೆ ಕೂಗು ಏಳುತ್ತದೆ. ಐಸ್ ಪ್ಲಾಂಟಿನಲ್ಲಿ ಗಡ್ಡೆ ಕಟ್ಟಲು ಸಿಹಿನೀರು ತುಂಬಿದ ಉದ್ದನೆಯ ಡಬ್ಬಗಳನ್ನು ಉಪ್ಪುನೀರಿನ ತೊಟ್ಟಿಗೆ ಇಳಿಬಿಡುತ್ತಾರೆ. ಅಮೋನಿಯಾ ಯಂತ್ರ ತೊಟ್ಟಿಯನ್ನು ಸೊನ್ನೆಗಿಂತ ಕೆಳಗೆ ತಣಿಸುತ್ತದೆ. ಉಪ್ಪಿನ ದೆಸೆಯಿಂದ ತೊಟ್ಟಿಯ ನೀರು ಹೆಪ್ಪುಗಟ್ಟುವುದಿಲ್ಲ, ಡಬ್ಬದ ನೀರು ಕಟ್ಟುತ್ತದೆ. ಎಷ್ಟು ತಣಿಸಬೇಕೆಂದು ಹೇಳಲು ಪ್ಯಾನಲ್ಲಿನ ಟಚ್‌ಸ್ಕ್ರೀನ್ ಇದ್ದರೆ, ಅದಕ್ಕೆ −8.5 ಎಂದು ಒತ್ತಬೇಕು ಎಂದಿಟ್ಟುಕೊಳ್ಳಿ.

ಪರದೆಯ ಅಂಕಿಯನ್ನು ಮುಟ್ಟಿದರೆ ಕೀಪ್ಯಾಡ್ ತೆರೆಯುತ್ತದೆ. ಒತ್ತಿದ ಅಂಕಿಗಳು ಇನ್ನೂ ಯಂತ್ರಕ್ಕೆ ಹೋಗಿರುವುದಿಲ್ಲ. ಎಂಟರ್ ಒತ್ತುವ ತನಕ ಹೊಸ್ತಿಲಲ್ಲೇ ಕಾಯುತ್ತವೆ. ಅಲ್ಲೊಬ್ಬ ಕಾವಲುಗಾರನೂ ಇದ್ದಾನೆ. ಪ್ಯಾನಲ್ ಕೂರಿಸಿದವರು −15ರಿಂದ 0ರವರೆಗೆ ಎಂದು ಮಿತಿ ಹಾಕಿದ್ದರೆ, ಚುಕ್ಕೆ ಮರೆತು ಒತ್ತಿದ −85 ಒಳಗೆ ಹೋಗದು. ಮೈನಸ್ ಬಿಟ್ಟ 8.5 ಕೂಡ ಹೋಗದು. ಮಿತಿಯನ್ನೇ ಹಾಕದಿದ್ದರೆ? 8.5 ಡಿಗ್ರಿಗೆ ಬಂದೊಡನೆ ಕೆಲಸ ಮುಗಿಯಿತೆಂದು ಯಂತ್ರ ಸುಮ್ಮನಾಗುತ್ತದೆ, ಬೆಳಿಗ್ಗೆ ಡಬ್ಬದಲ್ಲಿ ಬರೀ ತಣ್ಣೀರು.

ತಮಾಷೆಯೆಂದರೆ, ಪರದೆಯ ಹಿಂದೆ ಕೂತು ಯಂತ್ರವನ್ನು ನಡೆಸುವ ಅನೇಕ ನಿಯಂತ್ರಕಗಳ ಒಳಗೆ ಆ ಚುಕ್ಕೆಯೇ ಇರುವುದಿಲ್ಲ. ಅಲ್ಲಿ ಉಳಿಯುವುದು −85 ಎಂಬ ಪೂರ್ಣಾಂಕ. ಚುಕ್ಕೆ ಪರದೆ ಇಟ್ಟ ಬೊಟ್ಟು. ಮೈನಸ್ಸಿಗೂ ಪ್ರತ್ಯೇಕ ಗುರುತಿಲ್ಲ. ಸಂಖ್ಯೆ ಕೂರುವುದು 16 ಬಿಟ್‌ಗಳಲ್ಲಿ, ಅಂದರೆ 0 ಅಥವಾ 1 ಮಾತ್ರ ಹಿಡಿಯುವ 16 ಮನೆಗಳಲ್ಲಿ ಎಂದುಕೊಳ್ಳಿ. ಅವುಗಳಲ್ಲಿ 65,536 ಬಗೆಯ ಜೋಡಣೆ ಸಾಧ್ಯ. ಅದರಲ್ಲಿ ಅರ್ಧವನ್ನು ಋಣಸಂಖ್ಯೆಗಳಿಗೆ ಬಿಟ್ಟುಕೊಟ್ಟಿದ್ದಾರೆ, ಅಷ್ಟೇ. ಈ ಒಪ್ಪಂದವನ್ನು ಪರದೆಗೆ ತಿಳಿಸಲು ಮರೆತರೆ ಅದು −85ನ್ನು 65451 (65,536ರಲ್ಲಿ 85 ಕಳೆದದ್ದು) ಎಂದು ಓದಿ, ಚುಕ್ಕೆಯಿಟ್ಟು 6545.1 ಡಿಗ್ರಿ ಎಂದು ತೋರಿಸುತ್ತದೆ. ಸೂರ್ಯನ ಮೇಲ್ಮೈಯೇ ಸುಮಾರು 5,500 ಡಿಗ್ರಿ!

ಇನ್ನು ಉಪ್ಪುನೀರಿನ ಕೈ. ಮೊಬೈಲಿನ ಪರದೆ ಬೆರಳಿನಿಂದಾಗುವ ವಿದ್ಯುತ್ ಬದಲಾವಣೆಯನ್ನು ಗ್ರಹಿಸುವಂಥದ್ದು, ಉಪ್ಪುನೀರಿನ ಹನಿಗೂ ಮೋಸಹೋಗುತ್ತದೆ. ಕಾರ್ಖಾನೆಯ ಪ್ಯಾನಲ್‌ಗಳಲ್ಲಿ ಹಲವು ಒತ್ತಡ ನಂಬಿದವು: ಎರಡು ತೆಳು ಪದರಗಳು ಒಂದಕ್ಕೊಂದು ತಾಗಿದ ಜಾಗವನ್ನು ಲೆಕ್ಕ ಹಾಕುತ್ತವೆ. ಒದ್ದೆ ಕೈಯೇನು, ಕೈಗವಸು, ಪೆನ್ನಿನ ಹಿಂತುದಿ ಏನಾದರೂ ನಡೆಯುತ್ತದೆ.

ನನಗೆ ಹೆಚ್ಚು ಅಂಜಿಕೆ ಅಂಕಿಗಳ ಸಾಲಿನದು. 1963ರಲ್ಲಿ ಅಮೆರಿಕದಲ್ಲಿ ಬಂದ ಗುಂಡಿಯ ಫೋನು 1-2-3ನ್ನು ಮೇಲಿಟ್ಟಿತು. ಮೊಬೈಲೂ ಅದನ್ನೇ ಹಿಡಿಯಿತು. ಕ್ಯಾಲ್ಕುಲೇಟರಿನಲ್ಲಿ ಮೇಲಿರುವುದು 7-8-9. ಪ್ಯಾನಲ್ಲಿನ ಕೀಪ್ಯಾಡ್ ಕ್ಯಾಲ್ಕುಲೇಟರಿನ ಜಾತಿಯದಾಗಿದ್ದರೆ, ಮೊಬೈಲಿಗೆ ಪಳಗಿದ ಬೆರಳು ಎಂಟನ್ನು ಹುಡುಕಿ ಮೂರನೇ ಸಾಲಿನ ನಡುವೆ ಒತ್ತುತ್ತದೆ. ಅಲ್ಲಿರುವುದು ಎರಡು. ಐದು ಮಾತ್ರ ಎರಡರಲ್ಲೂ ನಟ್ಟನಡುವೆ. ಹೀಗೆ −8.5 ಹೋಗಿ −2.5 ಆಗುತ್ತದೆ. ಅದು ಮಿತಿಯೊಳಗೇ ಇದೆ, ಕಾವಲುಗಾರ ತಡೆಯುವುದಿಲ್ಲ.